ಮೇಸ್ತ್ರಿಯಿಲ್ಲದ ಹಾಸಿಗೆ ಅಂಗಡಿ

ನಮ್ಮ ಅಂಗಡಿಯ ಹಾಸಿಗೆಯ ಮೇಲೆ ಮಲಗಿದ ನ್ಯಾಯಾಧೀಶರೊಬ್ಬರು ಮೂರು ದಿನ ಏಳಲೇ ಇಲ್ಲ. ಕೋರ್ಟಿನಲ್ಲಿ ಕಳ್ಳರು, ವಕೀಲರು, ಪೊಲೀಸರು ಎಲ್ಲ ಕಾದೂ ಕಾದೂ ಬೇಸತ್ತು, ತಮ್ಮತಮ್ಮಲ್ಲೇ ರಾಜಿ ಮಾಡಿಕೊಂಡು ಮನೆಗೆ ಹೋದರು. ನಾಲ್ಕನೆಯ ದಿನ ನ್ಯಾಯಾಧೀಶರ ಹೆಂಡತಿ ಅಂಗಡಿಗೆ ಬಂದಾಗ ಬೈಗುಳ ಗ್ಯಾರಂಟಿ ಅಂದುಕೊಂಡೆ. ಆಕೆ ತನಗೂ ಅಂಥದ್ದೇ ಒಂದು ಬೇಕು ಎಂದರು!

ಇದು ನಾನು ಹೇಳುವ ಕತೆ. ನನ್ನ ಅಣ್ಣ ಹೇಳುವ ಕತೆಯಲ್ಲಿ ನ್ಯಾಯಾಧೀಶರು ಬರೀ ಕೋರ್ಟಿನ ಗುಮಾಸ್ತ. ಅವನು ಒಂದು ಬೆಳಿಗ್ಗೆ ಸ್ವಲ್ಪ ತಡವಾಗಿ ಎದ್ದ, ಅಷ್ಟೇ.

"ಇವನ ಮಾತನ್ನ ನಾಲ್ಕರಿಂದ ಭಾಗಿಸಿ ಕೇಳಿ" ಎಂದು ಗಿರಾಕಿಗಳಿಗೆ ಅಣ್ಣನೇ ಹೇಳುತ್ತಿದ್ದ. ಮನೆಯಲ್ಲೂ ಅದೇ ಲೆಕ್ಕ. ನಾನು ಎಂಟು ಮಂದಿ ಬಂದಿದ್ದರು ಅಂದರೆ ಅತ್ತಿಗೆ ಎರಡು ಲೋಟ ಚಹಾ ಇಡುತ್ತಿದ್ದರು. ಊರೆಲ್ಲ ನನ್ನನ್ನು ಬಡಾಯಿ ಅಂತಲೇ ಕರೆಯುತ್ತದೆ. ನನಗೇನೂ ಬೇಜಾರಿಲ್ಲ. ಅಂಗಡಿಯ ಮುಂಭಾಗ ನನ್ನದು: ಮಾತು, ಮಾರಾಟ, ತಳ್ಳುಗಾಡಿಯಲ್ಲಿ ಸಾಗಾಟ. ಬಡಾಯಿಯಿಲ್ಲದೆ ಹಾಸಿಗೆ ಮಾರುವವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಹಿಂದಿನ ಕೋಣೆ ಅಣ್ಣನದು. ಅತ್ತಿಗೆ ಹೊಲಿದುಕೊಟ್ಟ ಗವಸಿಗೆ ಅವನು ಅರಳೆ ಹಿಂಜಿ ತುಂಬುತ್ತಿದ್ದ. ತುಂಬಿದ ಮೇಲೆ ಮಂಡಿಯೂರಿ, ಕಣ್ಣು ಮುಚ್ಚಿಕೊಂಡು, ಎರಡೂ ಅಂಗೈಯನ್ನು ಅದರ ಮೇಲೆ ಓಡಿಸುತ್ತಿದ್ದ. ಎಲ್ಲಿ ತಗ್ಗು, ಎಲ್ಲಿ ಗಂಟು ಎಂದು ಕೈಗೇ ಗೊತ್ತಾಗುತ್ತಿತ್ತು. ಆಮೇಲೆ ದಬ್ಬಳ. ಗೇಣುದ್ದದ ಆ ದಪ್ಪ ಸೂಜಿಯನ್ನು ಸದಾ ಅಂಗಿಯ ಕೊರಳಪಟ್ಟಿಗೆ ಸಿಕ್ಕಿಸಿಕೊಂಡಿರುತ್ತಿದ್ದ. ನಿದ್ದೆಯಲ್ಲೂ ತೆಗೆಯುತ್ತಿರಲಿಲ್ಲ ಅಂತ ನಾನು ಹೇಳುತ್ತೇನೆ, ಭಾಗಿಸುವವರು ಭಾಗಿಸಿಕೊಳ್ಳಿ. ಅದರಿಂದ ಅವನು ಕಟ್ಟಿದ ಅಂಚು ಹತ್ತು ವರ್ಷ ಕುಣಿದರೂ ಕುಸಿಯುತ್ತಿರಲಿಲ್ಲ.

ಅರಳೆಯ ಧೂಳು ಮಾತ್ರ ಅವನ ಎದೆಯಲ್ಲಿ ಕೂತಿತ್ತು. ಅವನು ಕೆಮ್ಮಿದರೆ ಎದುರು ಮನೆಯ ಕಪಾಟಿನಲ್ಲಿ ಪಿಂಗಾಣಿ ತಟ್ಟೆ ಒಡೆಯುತ್ತಿತ್ತು. ವೈದ್ಯರು ಸ್ವಲ್ಪ ದಿನ ಧೂಳಿನಿಂದ ದೂರ ಇರಿ ಅಂದರು. ಅಣ್ಣ ತಲೆಯಾಡಿಸಿ, ಆಸ್ಪತ್ರೆಯಿಂದ ನೇರ ಅಂಗಡಿಗೇ ಬಂದ.

ಅದೇ ಹೊತ್ತಿಗೆ ಅವನ ಮಗಳು ಸಣ್ಣ ಉದ್ಯಮಿಗಳ ತರಬೇತಿಗೆ ಸೇರಿದ್ದಳು. ಮನೆಗೆ ಪುಟ್ಟಿ, ನನಗೆ ಮ್ಯಾನೇಜರಮ್ಮ. ದಿನಕ್ಕೊಂದು ಸೂತ್ರ ಹೊತ್ತು ತರುತ್ತಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ ದೊಡ್ಡದನ್ನೇ ಇಳಿಸಿದಳು.

"ಅಪ್ಪಾ, ನೀನು ಹದಿನೈದು ದಿನ ಅಂಗಡಿಗೆ ಬರಬೇಡ."

"ಯಾಕಮ್ಮ, ನಾನೇನು ಕದ್ದೆ?"

"ಮಾಲೀಕ ಇಲ್ಲದೇನೂ ನಡೆದ್ರೆ ಅದು ವ್ಯಾಪಾರ. ಇಲ್ಲಾಂದ್ರೆ ಮಾಲೀಕನೇ ಅದಕ್ಕೆ ಕೂಲಿಯಾಳು. ತರಗತೀಲಿ ಎಲ್ಲರೂ ಈ ಪರೀಕ್ಷೆ ಮಾಡಿ ನೋಡ್ಬೇಕು."

"ನಿನ್ನ ಎದೆಗೂ ವಿಶ್ರಾಂತಿ ಆಯ್ತು ಬಿಡಣ್ಣ" ಅಂದೆ ನಾನು.

"ತುಂಬೋದು ಯಾರು? ಅಂಚು ಯಾರು ಕಟ್ತಾರೆ?"

"ನಾನೂ ಪುಟ್ಟಿನೂ ಕಟ್ತೀವಿ ಕಣ್ರೀ" ಅಂದರು ಅತ್ತಿಗೆ. "ಇಷ್ಟು ವರ್ಷದಿಂದ ನೋಡಿಲ್ವಾ?"

"ನಡೆಯದಿದ್ರೆ?"

"ಎಲ್ಲಿ ತಪ್ತಾ ಇದೀವಿ ಅಂತ ಗೊತ್ತಾಗತ್ತೆ, ಸರಿಪಡಿಸ್ಕೋತೀವಿ" ಅಂದಳು ಪುಟ್ಟಿ.

"ನಡೆದ್ರೆ?"

ಅದಕ್ಕೆ ನಾವೆಲ್ಲ ನಕ್ಕೆವು. ನಡೆದರೆ ಇನ್ನೇನು, ಒಳ್ಳೆಯದೇ ತಾನೆ! ಅಣ್ಣನೂ ನಕ್ಕ.

ಮನೆ ಅಂಗಡಿಗಿಂತ ಎರಡು ಬೀದಿ ಆಚೆ. ಅಣ್ಣ ಅಂಗಡಿಯ ಬೀದಿಗೆ ಕಾಲಿಡಬಾರದು, ಮನೆಗೆಲಸ ಅವನದು ಎಂದು ಮ್ಯಾನೇಜರಮ್ಮ ನಿಯಮ ಮಾಡಿದಳು. ಮೊದಲ ದಿನ ಅವನು ಬೇಯಿಸಿದ ಅನ್ನವನ್ನು ಪಾತ್ರೆಯಿಂದ ಅಗೆಯಲು ಗುದ್ದಲಿ ಬೇಕಿತ್ತು. ಎರಡನೆಯ ದಿನ ಅದನ್ನು ಕುಡಿಯಬಹುದಿತ್ತು. ನೆಲ ಒರೆಸಿದರೆ ನೆರೆಮನೆಯವರು ದೋಣಿ ತರಬೇಕು ಅನ್ನುವಷ್ಟು ನೀರು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವರಿಗೆ ಇಪ್ಪತ್ತು ವರ್ಷ ಅನ್ನ ಹಾಕಿದ್ದಕ್ಕೆ ಈಗ ಬಡ್ಡಿ ಬರ್ತಿದೆ" ಅಂದರು.

ಅಂಗಡಿಯಲ್ಲಿ ಮ್ಯಾನೇಜರಮ್ಮನ ರಾಜ್ಯಭಾರ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೂವರೂ ನಿಂತುಕೊಂಡೇ ಸಭೆ. ಕೂತರೆ ನಾನು ಕತೆ ಶುರು ಮಾಡುತ್ತೇನಂತೆ. ಕಷ್ಟದ ಕೆಲಸ ಮೊದಲು, ಸುಲಭದ್ದು ಮಧ್ಯಾಹ್ನಕ್ಕೆ. ಒಂದೇ ದಿನ ಎಲ್ಲ ಗವಸು ಕತ್ತರಿಸುವುದು. ಗಿರಾಕಿಗೆ "ನಾಳೆ ಬನ್ನಿ" ಅನ್ನುವ ಹಾಗಿಲ್ಲ, ಕೊಡಬಹುದಾದ ದಿನವನ್ನೇ ಹೇಳಬೇಕು. ಗೋಡೆಯ ಮೇಲೆ ಪ್ರತಿಯೊಂದು ಸಾಮಾನಿನ ಆಕಾರ ಬಿಡಿಸಿದಳು: ಕತ್ತರಿಗೆ ಕತ್ತರಿಯ ನೆರಳು, ಗಜಕ್ಕೆ ಗಜದ ನೆರಳು, ಬಡಿಯುವ ಕೋಲಿಗೆ ಕೋಲಿನ ನೆರಳು. ನನ್ನ ಆಯುಸ್ಸಿನ ಮೂರನೆಯ ಒಂದು ಭಾಗ ಆ ಕತ್ತರಿ ಹುಡುಕುವುದರಲ್ಲೇ ಕಳೆದಿತ್ತು. ಈಗ ಕಣ್ಣು ಮುಚ್ಚಿ ಕೈಚಾಚಿದರೆ ಸಿಗುತ್ತಿತ್ತು. ಬಡಾಯಿಯಲ್ಲ, ಆ ಹುಡುಗಿ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಸರಿಯಾಗಿತ್ತು. ದಬ್ಬಳದ ಆಕಾರವನ್ನೂ ಬಿಡಿಸಿದ್ದಳು. ಅದೊಂದೇ ಖಾಲಿ. ದಬ್ಬಳ ಅಣ್ಣನ ಕೊರಳಪಟ್ಟಿಯಲ್ಲಿ ಮನೆಯಲ್ಲಿತ್ತು. ಇವರು ಹೊಸದೊಂದನ್ನು ತಂದು, ಕಿಟಕಿಯ ಅಂಚಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದರು.

ಉಳಿದ ಕಾಲು ಪಾಲು ಹಾಸಿಗೆ.

ಮೊದಲು ವಾಪಸು ತಂದವರು ಟೀಚರಮ್ಮ. ತಳ್ಳುಗಾಡಿಯಿಂದ ಇಳಿಸುವ ಮೊದಲೇ ಶುರುವಿಟ್ಟುಕೊಂಡರು.

"ಏನ್ರೀ ಇದು? ಮಲಗಿದ್ರೆ ಕೆಳಗಡೆ ಇನ್ಯಾರೋ ಮಲಗಿದ ಹಾಗಿದೆ! ಅವರ ಮೊಣಕೈ ನನ್ನ ಸೊಂಟಕ್ಕೆ ಚುಚ್ಚತ್ತೆ."

"ಒಂಟಿಯಾಗಿರೋರಿಗೆ ಜೊತೆ ಆಯ್ತಲ್ಲ ಟೀಚರಮ್ಮ" ಅಂದೆ.

"ಬಡಾಯಿ, ನಿನ್ನ ಕಿವಿ ಹಿಂಡಿದ್ದು ಮರೆತುಹೋಯ್ತಾ? ಮೇಸ್ತ್ರಿ ಎಲ್ಲಿ?"

ಮೇಸ್ತ್ರಿ ಆ ಹೊತ್ತಿಗೆ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಪುಟ್ಟಿ ಹಣ ವಾಪಸು ಕೊಟ್ಟು, ಕ್ಷಮೆ ಕೇಳಿ, ಗಂಟನ್ನು ಒತ್ತಿ ಒತ್ತಿ ನೋಡಿದಳು. ಅರಳೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಅಂಚು ಜೋತುಬಿದ್ದಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಅತ್ತಿಗೆ ನಮ್ಮಿಬ್ಬರನ್ನೂ ನಿಲ್ಲಿಸಿದರು. "ನಿಜ ಹೇಳಿದ್ರೆ ನಾಳೆ ಬೆಳಗಾಗೋಕೆ ಮುಂಚೆ ಅಂಗಡೀಲಿರ್ತಾರೆ. ಈಗಷ್ಟೇ ಕೆಮ್ಮು ಇಳೀತಿದೆ. ಹದಿನೈದು ದಿನ ಮುಗಿಯೋ ತನಕ ಎಲ್ಲ ಚೆನ್ನಾಗಿದೆ, ತಿಳೀತಾ?"

"ಅಮ್ಮಾ, ಸುಳ್ಳು..."

"ಸುಳ್ಳಲ್ಲ ಕಣೇ, ಔಷಧಿ." ಆಮೇಲೆ ನನ್ನ ಕಡೆ ತಿರುಗಿದರು. "ನೀನಂತೂ ಬಾಯಿ ಹೊಲ್ಕೊಂಡಿರು."

ಆ ರಾತ್ರಿ ಅಣ್ಣ ಮೊದಲ ಬಾರಿಗೆ ಅನ್ನದಂಥ ಅನ್ನ ಮಾಡಿದ್ದ, ಮೊಟ್ಟೆಯ ಸಾರು ಬೇರೆ. ಬಡಿಸುತ್ತಾ ಕೇಳಿದ, "ಟೀಚರಮ್ಮನ ಹಾಸಿಗೆ ಹೋಯ್ತಾ?"

"ಹೋಯ್ತು ಅಪ್ಪ."

"ಏನಂದ್ರು?"

"ಖುಷಿಯಾದ್ರು."

"ಅಂಚು ಹೇಗೆ ಬಂತು?"

ಅತ್ತಿಗೆ ತಟ್ಟೆಯಿಂದ ಮುಖ ಎತ್ತದೆ ಅಂದರು, "ನಿಮ್ಮ ಹಾಗೇ ಬಂತು."

ಸೌಟು ಅರ್ಧಕ್ಕೆ ನಿಂತಿತು. "ನನ್ನ ಹಾಗೇನೇ?"

"ಹೂಂ. ಯಾರು ಕಟ್ಟಿದ್ದು ಅಂತಾನೇ ಗೊತ್ತಾಗಲ್ಲ."

"ಒಳ್ಳೇದಾಯ್ತು" ಅಂದ ಅಣ್ಣ. ಸೌಟಿನಲ್ಲಿದ್ದುದನ್ನು ನನ್ನ ತಟ್ಟೆಗೆ ಸುರಿದು ಪಾತ್ರೆ ಮುಚ್ಚಿದ. ತನಗೆ ಬಡಿಸಿಕೊಳ್ಳಲೇ ಇಲ್ಲ. ಸಾರು ರುಚಿಯಾಗಿತ್ತು, ನಾನು ಅದನ್ನೂ ತಿಂದೆ.

ವಾಪಸು ಬಂದ ಹಾಸಿಗೆಗಳನ್ನು ಅಂಗಡಿಯಲ್ಲಿಟ್ಟರೆ ಗಿರಾಕಿಗಳ ಕಣ್ಣಿಗೆ ಬೀಳುತ್ತಿದ್ದವು, ಬಚ್ಚಿಡಲು ಮನೆಯ ಮಾಳಿಗೆಯ ಮೇಲಿನ ನನ್ನ ಕೋಣೆಯೇ ಗತಿ. ಅಲ್ಲಿಗೆ ಪೊರಕೆ ಹೋಗಿ ಎಷ್ಟು ಕಾಲವಾಯಿತೋ, ಅಣ್ಣನೂ ಆ ಸಾಹಸಕ್ಕೆ ಕೈಹಾಕಿರಲಿಲ್ಲ. ಅವನು ಮಾರ್ಕೆಟ್ಟಿಗೆ ಹೋದಾಗ ನಾನು ಒಂದೊಂದಾಗಿ ಹೊತ್ತು ಸಾಗಿಸಿ, ನನ್ನ ಮಂಚದ ಮೇಲೇ ಪೇರಿಸಿದೆ. ಏಣಿ ಹಾಕಿ ಹತ್ತಿ ಮಲಗಿದರೆ ಮೂಗು ಛಾವಣಿಗೆ ತಾಗುತ್ತಿತ್ತು. ಮಗ್ಗುಲು ಬದಲಿಸಿದರೆ ಗುಡ್ಡದಿಂದ ಕಣಿವೆಗೆ ಉರುಳುತ್ತಿದ್ದೆ. ಅಷ್ಟೆತ್ತರದಲ್ಲಿ ಮಲಗಿಯೂ ಅಷ್ಟು ಕೆಟ್ಟದಾಗಿ ನಿದ್ದೆ ಮಾಡಿದವನು ಚರಿತ್ರೆಯಲ್ಲಿ ನಾನೊಬ್ಬನೇ.

ಎರಡನೆಯ ವಾರದ ಹೊತ್ತಿಗೆ ಅಣ್ಣನ ಅಡುಗೆ ಪಳಗಿತ್ತು. ಒಂದು ಮಧ್ಯಾಹ್ನ ತಾನೇ ಊಟದ ಕ್ಯಾರಿಯರು ಹಿಡಿದು ನಮ್ಮ ಬೀದಿಯ ತಿರುವಿನ ತನಕ ಬಂದ. ಪುಟ್ಟಿ ಅಂಗಡಿಯಿಂದ ನೋಡಿದವಳೇ ಓಡಿದಳು. ಒಳಗೆ ಆಗಷ್ಟೇ ಇನ್ನೊಂದು ಹಾಸಿಗೆ ವಾಪಸು ಬಂದು ಬಾಗಿಲಲ್ಲೇ ಬಿದ್ದಿತ್ತು.

"ಅಪ್ಪಾ, ನಿಯಮ!"

"ಊಟ ಕೊಟ್ಟು ಹೋಗ್ತೀನಮ್ಮ."

"ಇಲ್ಲೇ ಕೊಡು."

"ಒಂದ್ನಿಮಿಷ ಒಳಗೆ ನೋಡ್ಕೊಂಡು..."

"ಬೇಡಪ್ಪ. ಪರೀಕ್ಷೆ ಕೆಡತ್ತೆ."

ಅವಳು ಕ್ಯಾರಿಯರು ಕಿತ್ತುಕೊಂಡಳು. ಅಣ್ಣ ಅವಳ ಹೆಗಲ ಮೇಲಿಂದ ಅಂಗಡಿಯ ಕಡೆ ಒಮ್ಮೆ ಇಣುಕಿದ. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅಡ್ಡ ನಿಂತಳು. ಕೊರಳಪಟ್ಟಿಯ ದಬ್ಬಳವನ್ನು ಬೆರಳಲ್ಲಿ ಸವರಿಕೊಂಡು ಅವನು ತಿರುಗಿ ನಡೆದ. ಮಾರನೆಯ ದಿನದಿಂದ ಕ್ಯಾರಿಯರನ್ನು ಬೆಳಿಗ್ಗೆಯೇ ನನ್ನ ಕೈಗೆ ಕೊಟ್ಟು ಕಳಿಸತೊಡಗಿದ. ಅಂಚಿನ ಬಗ್ಗೆ ಕೇಳುವುದನ್ನೂ ಬಿಟ್ಟ.

ನನಗೆ ತಡೆಯಲಾಗಲಿಲ್ಲ. ರಜೆಯ ದಿನ ಅವನ ಜೊತೆ ತರಕಾರಿಗೆ ಹೋದವನು, ಮಾರ್ಕೆಟ್ಟಿನ ನಡುವೆ ಬಾಯಿಯ ಹೊಲಿಗೆ ಬಿಚ್ಚಿದೆ.

"ಅಣ್ಣಾ, ನೀನಿಲ್ದೆ ಅಂಗಡಿ ಮುಳುಗೇಹೋಯ್ತು."

"ಹೌದಾ?"

"ಇಪ್ಪತ್ತು ಹಾಸಿಗೆ ವಾಪಸ್ ಬಂದಿದೆ! ಟೀಚರಮ್ಮ ಶಾಲೆ ಮಕ್ಕಳನ್ನೆಲ್ಲ ಸಾಲಾಗಿ ಕರ್ಕೊಂಡು ಬಂದು, ಅಂಗಡಿ ಮುಂದೆ ಘೋಷಣೆ ಕೂಗಿಸಿದ್ರು. ಒಬ್ಬ ಮುದುಕರು ಹಾಸಿಗೆಯ ಗುಂಡೀಲಿ ಬಿದ್ದು, ಮಕ್ಕಳು ಹಗ್ಗ ಹಾಕಿ ಎಳೆದ್ರು..."

ಅಣ್ಣ ಬಹಳ ದಿನಗಳ ಮೇಲೆ ಬಾಯಿತುಂಬ ನಕ್ಕ. ನಗುವಾಗ ಕೆಮ್ಮಲಿಲ್ಲ ಎಂಬುದನ್ನೂ ನಾನು ಗಮನಿಸಿದೆ. "ಇಪ್ಪತ್ತಾ? ನಾವು ತಿಂಗಳಿಗೆ ಇಪ್ಪತ್ತು ಮಾಡಲ್ವೋ ಮಾರಾಯ."

"ಸರಿ, ಭಾಗಿಸ್ಕೋ. ಐದು."

"ಐದೂ ಇಲ್ಲ." ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ. "ನನ್ನ ಮನಸ್ಸಿಗೆ ಹಿತ ಆಗ್ಲಿ ಅಂತ ಹೇಳ್ತಿದೀಯ, ನನಗೆ ಗೊತ್ತು. ನಿನ್ನ ಅತ್ತಿಗೆ ನನ್ನ ಹತ್ರ ಸುಳ್ಳು ಹೇಳಲ್ಲ. ಪುಟ್ಟಿ ಅಂತೂ ಹುಟ್ಟಿದಾಗಿಂದ ಹೇಳಿಲ್ಲ."

ವಾಪಸು ಬಂದಿದ್ದು ನಿಜಕ್ಕೂ ಐದೇ. ಅಣ್ಣನ ಸೂತ್ರ ಸರಿಯಾಗಿಯೇ ಇತ್ತು, ಬಂದ ಉತ್ತರವನ್ನು ಅವನು ನಂಬಲಿಲ್ಲ. ಆ ಕ್ಷಣ ಅಲ್ಲೇ, ಕೊಳೆತ ಟೊಮೆಟೊಗಳ ನಡುವೆ, "ಬಾ, ನನ್ನ ಕೋಣೆ ತೋರಿಸ್ತೀನಿ" ಅಂದು ಕೈಹಿಡಿದು ಎಳೆದುಕೊಂಡು ಹೋಗಿದ್ದರೆ ಆಗುತ್ತಿತ್ತು. ಆದರೆ ಪಕ್ಕದಲ್ಲಿ ಒಬ್ಬಳು ಗಾಡಿಯ ಚಕ್ರದಷ್ಟು ದೊಡ್ಡ ಕುಂಬಳಕಾಯಿ ಇಟ್ಟುಕೊಂಡು ಕೂತಿದ್ದಳು. ನಾನು ಚೌಕಾಸಿಗೆ ನಿಂತೆ.

ಅಷ್ಟರಲ್ಲಿ ಯಾರೋ ಅಣ್ಣನನ್ನು ಮಾತಾಡಿಸಿದರು. ಪಕ್ಕದೂರಿನ ದಾದಿಯರ ಹಾಸ್ಟೆಲ್ಲಿನ ಮೇಲ್ವಿಚಾರಕ, ನಮ್ಮ ಹಳೆಯ ಗಿರಾಕಿ.

"ಏನ್ ಮೇಸ್ತ್ರಿ, ಹಗಲು ಹೊತ್ತಲ್ಲಿ ನಿಮ್ಮನ್ನ ಹೊರಗಡೆ ನೋಡಿದ್ದೇ ಇಲ್ಲ. ಬಿಡುವಾ?"

"ಬಿಡುವೇ" ಅಂದ ಅಣ್ಣ. "ಅಂಗಡಿ ಮಗಳು ನೋಡ್ಕೋತಾಳೆ."

"ಪುಣ್ಯವಂತರು. ನಮ್ಮಲ್ಲಿ ಮಂಚಕ್ಕೊಂದು ಹಾಸಿಗೆ ಹಳ್ಳ ಬಿದ್ದಿದೆ, ಹೇಳೋರಿಲ್ಲ ಕೇಳೋರಿಲ್ಲ."

ಮುಂದಿನದು ನನ್ನ ಕಿವಿಗೆ ಬೀಳಲಿಲ್ಲ. ಕುಂಬಳಕಾಯಿಯವಳನ್ನು ಅರ್ಧ ಬೆಲೆಗೆ ಇಳಿಸಿ ಗೆದ್ದಿದ್ದೆ.

ಪರೀಕ್ಷೆಯ ಕೊನೆಯ ದಿನ ಪುಟ್ಟಿ ಸಂಜೆಯೇ ಅಂಗಡಿ ಮುಚ್ಚಿಸಿದಳು. ಅತ್ತಿಗೆ ಸಿಹಿ ಕೊಂಡರು. ಅಪ್ಪನಿಗೆ ಹೇಳದೆ ಹಿಂದಿನ ಕೋಣೆಗೆ ಅವಳು ಎಕ್ಸಾಸ್ಟ್ ಫ್ಯಾನು ಹಾಕಿಸಿದ್ದಳು. ಅದು ತಿರುಗಿದರೆ ಧೂಳೇನು, ನಾನೇ ಹೊರಗೆ ಹಾರಿಹೋಗುತ್ತಿದ್ದೆ. ಇನ್ನು ಅಪ್ಪ ಅರ್ಧ ದಿನ ಬಂದು ಅಂಚು ಕಟ್ಟಬೇಕು, ನಮಗೂ ಕಲಿಸಬೇಕು, ಹಿಂಜುವುದು ಮಾತ್ರ ಬೇಡ ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದಳು. ಅವಳ ನಡಿಗೆ ಓಟದ ಹಾಗಿತ್ತು.

ಅಣ್ಣ ಹಬೆಯಾಡುವ ಪಾತ್ರೆಗಳನ್ನು ಜೋಡಿಸಿಟ್ಟು ಕಾಯುತ್ತಿದ್ದ. ಗಡ್ಡ ಬೋಳಿಸಿಕೊಂಡಿದ್ದ.

"ಅಪ್ಪಾ, ಪರೀಕ್ಷೆ ಮುಗೀತು."

"ಪಾಸಾದ್ರಿ" ಅಂದ. "ನಾನೂ ಒಂದು ಮಾತು ಹೇಳ್ಬೇಕಿತ್ತು. ಹಾಸ್ಟೆಲ್ಲಲ್ಲಿ ಕೆಲಸಕ್ಕೆ ಒಪ್ಕೊಂಡೆ. ಹಾಸಿಗೆ, ಮಂಚ ಎಲ್ಲ ನೋಡ್ಕೊಳ್ಳೋದು. ಉಳಿಯೋಕೆ ಅಲ್ಲೇ ಕೋಣೆ ಕೊಡ್ತಾರೆ. ಸೋಮವಾರ ಹೋಗ್ಬೇಕು."

ಸಿಹಿಯ ಪೊಟ್ಟಣ ಅತ್ತಿಗೆಯ ಕೈಯಲ್ಲೇ ಉಳಿಯಿತು. "ಏನ್ ಹೇಳ್ತಿದೀರಿ? ಯಾರನ್ನ ಕೇಳಿ ಒಪ್ಕೊಂಡ್ರಿ?"

"ಹದಿನೈದು ದಿನ ಅಂಗಡಿ ವಿಷ್ಯ ಏನಾದ್ರೂ ನೀವು ನನ್ನ ಕೇಳಿದ್ರಾ, ನಾನು ಕೇಳೋಕೆ? ಕೋಪ ಅಲ್ಲ ಕಣೇ. ಅಂಗಡಿ ನಡೀತಿದೆ. ನಾನು ಬಂದ್ರೆ ಪುಟ್ಟಿ ಜೋಡಿಸಿದ್ದೆಲ್ಲ ಕೆಡತ್ತೆ. ಸುಮ್ನೆ ಕೂತು ಉಣ್ಣೋ ವಯಸ್ಸು ನನಗಿನ್ನೂ ಆಗಿಲ್ಲ."

"ನಡೀತಿಲ್ಲ ಅಪ್ಪಾ!" ಪುಟ್ಟಿ ಕಿರುಚಿದಳು. "ಒಂದೂ ಅಂಚು ನೆಟ್ಟಗೆ ಬಂದಿಲ್ಲ. ಐದು ವಾಪಸ್ ಬಂತು. ಟೀಚರಮ್ಮನದು ಮೊದಲನೇದು."

ಅಣ್ಣ ನಕ್ಕ. "ನನ್ನ ಉಳಿಸ್ಕೊಳ್ಳೋಕೆ ಹೇಳ್ತಿದೀಯ. ಇವನ ಹತ್ರ ಕಲಿತೆಯಾ?"

ಅವಳು ನನ್ನ ಕೋಣೆಗೆ ಓಡಿದಳು. ಹಿಂದೆ ನಾನು. ಇಬ್ಬರೂ ಸೇರಿ ಹಾಸಿಗೆಗಳನ್ನು ಮೆಟ್ಟಿಲ ಮೇಲಿಂದ ಉರುಳಿಸಿದೆವು. ಒಂದೊಂದೇ ದೊಪ್ಪೆಂದು ಊಟದ ತಟ್ಟೆಗಳ ಪಕ್ಕ ಬಿದ್ದವು. ಅಣ್ಣ ಎದ್ದು ಬಂದು ಮಂಡಿಯೂರಿದ. ಕಣ್ಣು ಮುಚ್ಚಿ ಅಂಗೈ ಓಡಿಸಿದ. ಕೈ ಗುಡ್ಡ ಹತ್ತಿತು, ಕಣಿವೆ ಇಳಿಯಿತು, ಜೋತುಬಿದ್ದ ಅಂಚಿನಲ್ಲಿ ನಿಂತಿತು. ಅವನ ಮುಖದಲ್ಲಿ ಮೊದಲು ಬಂದದ್ದು ಒಂದು ಬಗೆಯ ಸಂತೋಷ. ನಾನು ನೋಡಿದ್ದೇನೆ, ಅದನ್ನು ಯಾವ ಸಂಖ್ಯೆಯಿಂದಲೂ ಭಾಗಿಸಬೇಕಾಗಿಲ್ಲ. ಆಮೇಲೆ ಅದು ಹೋಯಿತು.

"ದಿನಾ ರಾತ್ರಿ ಕೇಳ್ತಿದ್ದೆ" ಅಂದ. "ಬಡಿಸ್ತಾ ಬಡಿಸ್ತಾ ಕೇಳ್ತಿದ್ದೆ."

"ನಿಮ್ಮ ಎದೆಗೆ ಅಂತ..." ಅಂದರು ಅತ್ತಿಗೆ.

"ಎದೆಗೆ ಒಳ್ಳೇದೇ ಆಯ್ತು. ನೋಡು, ಕೆಮ್ಮೇ ಇಲ್ಲ." ಹಾಸಿಗೆಯನ್ನು ಮೆಲ್ಲಗೆ ತಟ್ಟಿದ. "ಇದು ತಪ್ಪಲ್ಲ ಪುಟ್ಟಿ. ನನ್ನ ಮೊದಲನೇ ಹಾಸಿಗೆ ಇದಕ್ಕಿಂತ ಕೆಟ್ಟದಾಗಿತ್ತು. ಒಂದು ಸಲ 'ಬಾರಪ್ಪ, ಇದು ಬರ್ತಿಲ್ಲ' ಅಂದಿದ್ರೆ ಸಾಕಾಗ್ತಿತ್ತು."

"ಈಗ ಹೇಳ್ತಿದೀನಲ್ಲ. ಬಾ ಅಪ್ಪ. ಫ್ಯಾನು ಹಾಕ್ಸಿದೀನಿ."

"ಫ್ಯಾನಾ?" ಅವನು ಅವಳನ್ನೇ ನೋಡಿದ. "ಅವರಿಗೆ ಮಾತು ಕೊಟ್ಟಾಗಿದೆಯಲ್ಲಮ್ಮ." ಮತ್ತೆ ನನ್ನ ಕಡೆ ತಿರುಗಿದ. "ನೀನಾದ್ರೂ ಹೇಳ್ಬಾರದಿತ್ತೇನೋ?"

"ಹೇಳಿದ್ದೆನಲ್ಲಣ್ಣ."

"ಹೌದು" ಅಂದ ಅಣ್ಣ. "ನೀನು ಹೇಳಿದ್ದೆ."

ಅನ್ನ ಆರಿತ್ತು. ಅವನೇ ಮತ್ತೆ ಬಿಸಿ ಮಾಡಿ ಎಲ್ಲರಿಗೂ ಬಡಿಸಿದ. ಅಂಥ ರುಚಿಯ ಅಡುಗೆಯನ್ನು ನಾಲ್ಕು ಜನ ಹಾಗೆ ಬಿಟ್ಟೆದ್ದದ್ದು ಬೇರೆಲ್ಲೂ ಇರಲಾರದು.

ಸೋಮವಾರ ಬಸ್ಸಿಗೆ ಮೊದಲು ಅವನು ಅಂಗಡಿಗೆ ಬಂದ. ಗೋಡೆಯ ಮೇಲಿನ ಆಕಾರಗಳನ್ನೆಲ್ಲ ಒಂದೊಂದಾಗಿ ನೋಡಿ, "ಇದು ಮೊದಲೇ ಮಾಡ್ಬೇಕಿತ್ತು" ಎಂದು ಮಗಳ ತಲೆ ಸವರಿದ. ಕೊರಳಪಟ್ಟಿಯಿಂದ ದಬ್ಬಳ ತೆಗೆದು, ಖಾಲಿಯಿದ್ದ ಆಕಾರದ ಮೇಲೆ ನೇತುಹಾಕಿದ. ಸರಿಯಾಗಿ ಕೂತಿತು. ಅಳತೆ ತೆಗೆಯದೆ, ನೆನಪಿನಿಂದಲೇ ಬಿಡಿಸಿದ್ದಳು.

"ನಿನಗೆ ಬೇಡ್ವಾ ಅಪ್ಪ?"

"ಅಲ್ಲಿ ಬೇರೆ ಕೊಡ್ತಾರೆ."

ಆಮೇಲಿನ ವಾರಗಳಲ್ಲಿ ಅಂಗಡಿ ನಡೆಯಿತು. ನಿಂತುಕೊಂಡೇ ಸಭೆ, ಹೇಳಿದ ದಿನಕ್ಕೆ ಸರಕು. ಸಾಲವಿಲ್ಲ, ಜಗಳವಿಲ್ಲ. ಅರಳೆಯ ಹಾಸಿಗೆ ಕೇಳಿದವರಿಗೆ ಅರ್ಧಕ್ಕರ್ಧ ಸ್ಪಂಜಿನದೇ ಕೊಡುತ್ತಿದ್ದೆವು. ಸ್ಪಂಜಿಗೆ ಅಂಚು ಬೇಕಿಲ್ಲ. ಅತ್ತಿಗೆ ಮನೆಯಲ್ಲಿ ಅನ್ನಕ್ಕೆ ಇಡುವಾಗ ನಾಲ್ವರಿಗೆ ಅಳೆದು, ಒಂದು ಹಿಡಿ ಡಬ್ಬಕ್ಕೆ ವಾಪಸು ಸುರಿಯುತ್ತಿದ್ದರು. ಪುಟ್ಟಿ ತರಬೇತಿಯಲ್ಲಿ ಮೊದಲಿಗಳಾದಳು. ಪ್ರಮಾಣಪತ್ರವನ್ನು ಗೋಡೆಗೆ ಹಾಕೋಣ ಅಂದರೆ ಬೇಡ ಅಂದಳು.

ಅಣ್ಣ ಮೊದಲ ರಜೆಗೆ ಬಂದದ್ದು ಒಂದು ಭಾನುವಾರ, ಬಸ್ಸಿಳಿದು ನೇರ ಅಂಗಡಿಗೆ. ಮೈ ತುಂಬಿಕೊಂಡಿದ್ದ. ಕೆಮ್ಮಿರಲಿಲ್ಲ. ಕೊರಳಪಟ್ಟಿ ಬರಿದಾಗಿತ್ತು. ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ. ಪುಟ್ಟಿ ಗಡಿಬಿಡಿಯಲ್ಲಿ ಗಿರಾಕಿಗಳ ಕುರ್ಚಿ ಒರೆಸಿ ಮುಂದೆ ತಳ್ಳಿದಳು. ತಳ್ಳಿದ ಮೇಲೆ ಅದು ಯಾವ ಕುರ್ಚಿ ಎಂದು ಅವಳಿಗೆ ಹೊಳೆದಿರಬೇಕು, ಕೆಂಪಾದಳು. ಅವನು ಅದರಲ್ಲೇ ಕೂತ. ಅತ್ತಿಗೆ ಚಹಾ ತಂದರು, ಹೊಸ ಲೋಟದಲ್ಲಿ.

"ಹೇಗ್ ನಡೀತಿದೆ?" ಎಂದು ನನ್ನನ್ನು ಕೇಳಿದ.

ನಾನು ಎಷ್ಟೋ ದಿನಗಳಿಂದ ಮಾತನ್ನು ಕಡೆದು, ಸೋಸಿ, ಇಟ್ಟುಕೊಂಡಿದ್ದೆ. "ನೀನಿಲ್ದೆ ಕಷ್ಟ, ಅಣ್ಣ."

ಅವನು ಅಂಗೈ ಬಿಚ್ಚಿ ಎಡಗೈ ಬೆರಳಿನಿಂದ ಗೆರೆ ಎಳೆದು ಭಾಗಿಸುವ ಹಾಗೆ ಮಾಡಿ ನಕ್ಕ. ಆ ಮಾತನ್ನು ನಾನು ಮೊದಲೇ ಭಾಗಿಸಿಕೊಂಡು ಬಂದಿದ್ದೆ. ಅವನಿಗೆ ಅದು ಹೇಗೆ ಗೊತ್ತಾಗಬೇಕು?

ಚಹಾ ಮುಗಿಸಿ ಎದ್ದ. ಬಾಗಿಲ ಬಳಿ ಪುಟ್ಟಿ ಹಿಂದಿನ ದಿನವಷ್ಟೇ ಕಟ್ಟಿ ಮುಗಿಸಿದ ಅರಳೆಯ ಹಾಸಿಗೆ ಇತ್ತು. ಅವನ ದಬ್ಬಳದಿಂದಲೇ ಕಟ್ಟಿದ್ದಳು. ಅಣ್ಣ ಅದರ ಮುಂದೆ ನಿಂತ. ಮಂಡಿಯೂರಲಿಲ್ಲ. ಗಿರಾಕಿಗಳು ಒತ್ತಿ ನೋಡುವ ಹಾಗೆ ಹೆಬ್ಬೆರಳಿನಿಂದ ಒಂದು ಮೂಲೆಯನ್ನು ಒತ್ತಿ ನೋಡಿದ. ಬೆರಳು ಒಂದು ಕಡೆ ತಡೆಯಿತು. ಅಲ್ಲಿ ಗಂಟಿತ್ತು, ನನಗೇ ಕಾಣುತ್ತಿತ್ತು. ಪುಟ್ಟಿ ಅವನ ಮುಖವನ್ನೇ ನೋಡುತ್ತಿದ್ದಳು.

ಅಣ್ಣ ಬೆರಳು ತೆಗೆದ.

"ಚೆನ್ನಾಗಿ ಬಂದಿದೆಯಮ್ಮ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡ.